ಬಾಲವಿರುವ ನೀಲಿ ಚುಕ್ಕೆ

ಫೆಬ್ರವರಿ 4

ಅಪ್ಪನಿಗೆ,

ಇದು ರಾಜಿ ಮಾಡಿಕೊಳ್ಳಲು ಬರೆದ ಕಾಗದವಲ್ಲ, ಮೊದಲೇ ಹೇಳಿಬಿಡುತ್ತೇನೆ. ಇನ್ನು ಮೇಲೆ ನಿಮ್ಮ ಜೊತೆ ಒಂದು ಮಾತೂ ಆಡುವುದಿಲ್ಲ ಎಂದು ನಾಲ್ಕು ವರ್ಷದ ಹಿಂದೆ ಗ್ಯಾರೇಜಿನ ಬಾಗಿಲಲ್ಲಿ ನಿಂತು ಹೇಳಿದ್ದೆ. ಆ ಮಾತು ತಪ್ಪಿಲ್ಲ. ಆಡುತ್ತಿಲ್ಲ, ಬರೆಯುತ್ತಿದ್ದೇನೆ.

ನಾನೀಗ ದೊಡ್ಡ ಹೋಟೆಲೊಂದರ ಅತಿಥಿಗಳನ್ನು ವಿಮಾನ ನಿಲ್ದಾಣದಿಂದ ಕರೆತಂದು ಬಿಡುವ ಕೆಲಸ ಮಾಡುತ್ತಿದ್ದೇನೆ. ಗಾಡಿ ಹೋಟೆಲಿನದು, ನಾನು ಬರೀ ಡ್ರೈವರು. ಸ್ವಂತ ಗಾಡಿ ತಂದರೆ ಕೆಲಸ ಖಾಯಂ ಎಂದು ಮ್ಯಾನೇಜರು ಹೇಳಿದ್ದಾರೆ. ಆದರೆ ಅವರಿಗೆ ಸಣ್ಣಪುಟ್ಟ ಗಾಡಿ ನಡೆಯುವುದಿಲ್ಲ. ಉದ್ದನೆಯ, ಮೆತ್ತನೆಯ, ಕಾಲಿಟ್ಟರೆ ಹಾರುವಂಥ ಸೆಡಾನ್ ಬೇಕು. ಹೊಸದು ಕನಸಿನ ಮಾತು. ಏಳು ವರ್ಷ ಹಳೆಯದೊಂದನ್ನು ನೋಡಿಟ್ಟಿದ್ದೇನೆ. ಕಪ್ಪು ಬಣ್ಣ, ಆರು ಸಿಲಿಂಡರು, ಟರ್ಬೊ, ಗಾಳಿಯ ಸಸ್ಪೆನ್ಷನ್. ಇರುವುದನ್ನೆಲ್ಲ ಸುರಿದು ಕೊಳ್ಳಬೇಕು. ಕೆಟ್ಟ ಗಾಡಿ ತಲೆಗೆ ಕಟ್ಟಿದರೆ ನಾವು ಮೂವರೂ ಬೀದಿಗೆ ಬೀಳುತ್ತೇವೆ. ಮೂವರೆಂದರೆ ನಾನು, ನನ್ನ ಗಂಡ, ನೀವು ಇನ್ನೂ ನೋಡಿರದ ನಿಮ್ಮ ಮೊಮ್ಮಗಳು. ಅವಳಿಗೆ ಮೂರು ವರ್ಷ.

ಇಂಥ ಗಾಡಿಗಳ ಒಳಹೊರಗನ್ನು ನಿಮ್ಮಷ್ಟು ಬಲ್ಲವರನ್ನು ನಾನು ಕಂಡಿಲ್ಲ. ಇದು ಹೊಗಳಿಕೆಯಲ್ಲ. ಕೊಳ್ಳುವ ಮುಂಚೆ ಏನೇನು ನೋಡಬೇಕು ಎಂದು ಬರೆದು ತಿಳಿಸಿ. ಮಗಳು ಕೇಳುತ್ತಿದ್ದಾಳೆ ಎಂದುಕೊಳ್ಳಬೇಡಿ, ಯಾರೋ ಗಿರಾಕಿ ಕೇಳುತ್ತಿದ್ದಾರೆ ಎಂದುಕೊಳ್ಳಿ. ಗಿರಾಕಿಗಳ ಜೊತೆ ನೀವು ಮರ್ಯಾದೆಯಿಂದ ಮಾತಾಡುತ್ತೀರಿ.

ಇಂತಿ,
ಒಂದು ಬೋಲ್ಟು ಬಿಗಿ ಮಾಡಲು ಬಾರದವಳು


ಫೆಬ್ರವರಿ 13

ಗಿರಾಕಿಗೆ,

ನಾಲ್ಕು ವರ್ಷ ಸುದ್ದಿಯಿಲ್ಲ, ಸದ್ದಿಲ್ಲ. ನಿನಗೆ ಮದುವೆಯಾದದ್ದು ನಿಮ್ಮಮ್ಮನ ಬಾಯಲ್ಲಿ ಕೇಳಿದೆ. ಮಗು ಹುಟ್ಟಿದ್ದೂ ಅವಳ ಬಾಯಲ್ಲೇ ಕೇಳಿದೆ. ಈಗ ಕಾರು ಬೇಕಾದಾಗ ಅಪ್ಪ ನೆನಪಾದ. ಇರಲಿ.

ಗಿರಾಕಿ ಎಂದುಕೊಳ್ಳಿ ಎಂದಿದ್ದೀಯ. ನನ್ನ ಗಿರಾಕಿಗಳು ಬಿಗಿಯಾಗದ ಬೋಲ್ಟಿಗೆ ಚುಕ್ಕೆ ಇಟ್ಟು ಹೋಗುವುದಿಲ್ಲ. ನೀನು ಆರು ವರ್ಷದವಳಾಗಿದ್ದಾಗಿಂದ ನಮ್ಮ ಗ್ಯಾರೇಜಿನ ಪದ್ಧತಿ ಒಂದೇ. ನಾನು ಬೋಲ್ಟು ಬಿಗಿ ಮಾಡಿ "ಹ್ಞೂಂ" ಅನ್ನುವುದು, ನೀನು ಬಣ್ಣದ ಡಬ್ಬಿಗೆ ಕಡ್ಡಿ ಅದ್ದಿ ಅದರ ತಲೆಯ ಮೇಲೆ ನೀಲಿ ಚುಕ್ಕೆ ಇಡುವುದು. ಚುಕ್ಕೆ ಇದೆಯೆಂದರೆ ಬಿಗಿಯಾಗಿದೆ, ಮತ್ತೆ ಯಾರೂ ಮುಟ್ಟಿ ನೋಡಬೇಕಿಲ್ಲ. ಜನ ಆ ಚುಕ್ಕೆ ನೋಡಿ ಕಣ್ಣು ಮುಚ್ಚಿಕೊಂಡು ಗಾಡಿ ತೆಗೆದುಕೊಂಡು ಹೋಗುತ್ತಿದ್ದರು. ಇಪ್ಪತ್ತು ವರ್ಷ ಹಾಗೆ ನಡೆಯಿತು. ಆಮೇಲೊಂದು ದಿನ ನೀನು ಫೋನಿನಲ್ಲಿ ಯಾರ ಜೊತೆಯೋ ನಗುತ್ತಾ ಐದು ಬೋಲ್ಟಿಗೂ ಚುಕ್ಕೆ ಇಟ್ಟೆ. ನಾನು ಮೂರನ್ನೇ ಬಿಗಿ ಮಾಡಿದ್ದೆ. ಸಂಗೀತದ ಟೀಚರ ಗಾಡಿಯ ಚಕ್ರ ನಾಲ್ಕು ರಸ್ತೆ ಕೂಡುವ ಜಾಗದಲ್ಲಿ ಕಳಚಿ ಉರುಳಿತು. ಆ ಹೆಂಗಸು ಬದುಕಿದ್ದು ಅವರ ಪುಣ್ಯ. ಅವತ್ತು ನಾನು ಬೈದದ್ದು ನಿನಗೆ ಜಾಸ್ತಿಯಾಯಿತು. ನನಗೆ ಇವತ್ತಿಗೂ ಕಡಿಮೆಯೇ ಅನ್ನಿಸುತ್ತದೆ. ಚುಕ್ಕೆ ಸುಳ್ಳು ಹೇಳಬಾರದು.

ಈಗ ಗಾಡಿಯ ವಿಷಯ. ಬೆಳಿಗ್ಗೆ ಹೋಗು. ಬರುತ್ತೇನೆಂದು ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮುಂಚೆ ಹೋಗು. ಬಾನೆಟ್ಟಿನ ಮೇಲೆ ಕೈಯಿಡು. ಬೆಚ್ಚಗಿದ್ದರೆ ಅವರು ಮೊದಲೇ ಎಂಜಿನ್ ಶುರು ಮಾಡಿಟ್ಟಿದ್ದಾರೆ, ತಣ್ಣಗಿನ ಎಂಜಿನ್ನು ಹೇಳುವ ಏನೋ ಒಂದು ನಿನ್ನ ಕಿವಿಗೆ ಬೀಳಬಾರದು ಎಂದು. ಅಲ್ಲಿಂದಲೇ ತಿರುಗಿ ಬಾ, ಟೀ ಕೊಡುತ್ತೇವೆಂದರೂ ಕೂರಬೇಡ. ತಣ್ಣಗಿದ್ದರೆ ಅವರ ಕೈಯಲ್ಲೇ ಶುರು ಮಾಡಿಸಿ ನೀನು ಹೊರಗೆ ನಿಲ್ಲು. ಮೊದಲ ಎರಡು ಕ್ಷಣ ಗಲಗಲ ಅಂದರೆ ಟೈಮಿಂಗ್ ಚೈನು ಸಡಿಲ. ಹಿಂದೆ ನೀಲಿ ಹೊಗೆ ಬಂದರೆ ಟರ್ಬೊ ಎಣ್ಣೆ ಕುಡಿಯುತ್ತಿದೆ. ಎಣ್ಣೆಯ ಮುಚ್ಚಳ ತೆಗೆದು ಒಳಮೈ ನೋಡು, ಕೆನೆಯಂಥದ್ದು ಅಂಟಿದ್ದರೆ ಎಣ್ಣೆಗೆ ನೀರು ಸೇರಿದೆ.

ಚಕ್ರ ನೋಡು ಎಂದರೆ ಜನ ಹೊಳಪು ನೋಡುತ್ತಾರೆ. ನೀನು ಮಂಡಿಯೂರಿ ಟೈರಿನ ಒಳಗಿನ ಅಂಚಿಗೆ ಕೈ ಹಾಕು, ಬಟ್ಟೆ ಕೊಳೆಯಾದರೆ ಆಗಲಿ. ಹೊರಗೆ ಚೆನ್ನಾಗಿದ್ದು ಒಳಗೆ ಸವೆದಿದ್ದರೆ ಸಸ್ಪೆನ್ಷನ್ ಕೈಕೊಟ್ಟಿದೆ. ನಾಲ್ಕು ಟೈರಿಗೆ ನಾಲ್ಕು ಕಂಪನಿಯ ಹೆಸರಿದ್ದರೆ ಒಡೆಯ ಜುಗ್ಗ. ಟೈರಿಗೇ ಜುಗ್ಗತನ ಮಾಡಿದವನು ಗೇರ್‌ಬಾಕ್ಸಿನ ಎಣ್ಣೆ ಬದಲಾಯಿಸಿರುತ್ತಾನಾ? ಆ ಎಣ್ಣೆ ಜೀವನಪೂರ್ತಿ ಬರುತ್ತದೆ ಎನ್ನುತ್ತಾರೆ ಕಂಪನಿಯವರು. ಯಾರ ಜೀವನ ಎಂದು ಮಾತ್ರ ಹೇಳುವುದಿಲ್ಲ. ಬ್ರೇಕಿನ ಡಿಸ್ಕಿನ ಅಂಚನ್ನು ಬೆರಳಿನಿಂದ ಸವರು. ಏಣು ಸಿಕ್ಕರೆ ನಾಲ್ಕನ್ನೂ ಬದಲಾಯಿಸಬೇಕು. ಇಂಥ ಗಾಡಿಯ ಡಿಸ್ಕು ತರಕಾರಿ ತಟ್ಟೆಯಲ್ಲ, ನಿನ್ನ ಮೂರು ತಿಂಗಳ ಸಂಬಳ. ಗಾಡಿ ನಿಲ್ಲಿಸಿ ಒಂದು ಗಂಟೆ ಸುತ್ತಾಡಿ ಬಾ. ಒಂದು ಮೂಲೆ ಕುಸಿದು ಕೂತಿದ್ದರೆ ಅಲ್ಲಿ ಗಾಳಿ ಸೋರುತ್ತಿದೆ.

ಮೀಟರನ್ನು ನಂಬಬೇಡ, ಅದನ್ನು ಹಿಂದಕ್ಕೆ ತಿರುಗಿಸುವುದು ಗಡಿಯಾರ ತಿರುಗಿಸಿದಷ್ಟೇ ಸುಲಭ. ಪೆಡಲಿನ ರಬ್ಬರನ್ನು, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚನ್ನು ಯಾರೂ ಹಿಂದಕ್ಕೆ ತಿರುಗಿಸಲಾರರು. ಸರ್ವಿಸ್ ಪುಸ್ತಕದಲ್ಲಿ ಏಳು ವರ್ಷದ ಸಹಿಯೂ ಒಂದೇ ಪೆನ್ನಿನಲ್ಲಿದ್ದರೆ ಪುಸ್ತಕ ಅಲ್ಲೇ ಬಿಟ್ಟು ಬಿಲ್ಲು ಕೇಳು. ಎಚ್ಚರಿಕೆಯ ದೀಪಗಳನ್ನು ನೀನು ಬರುವ ಮುಂಚೆ ಅಳಿಸಿರುತ್ತಾರೆ, ಅದಕ್ಕೆ ಮುಕ್ಕಾಲು ಗಂಟೆ ಓಡಿಸಿದ ಮೇಲೆ ದೋಷ ಓದುವ ಸ್ಕ್ಯಾನರ್ ಹಾಕಿಸು. ಗಾಜುಗಳ ಮೂಲೆಯಲ್ಲಿ ತಯಾರಾದ ವರ್ಷ ಬರೆದಿರುತ್ತದೆ. ಎಲ್ಲ ಒಂದೇ ವರ್ಷದ್ದಾಗಿರಬೇಕು. ಒಂದು ಬೇರೆಯಾಗಿದ್ದರೆ ಯಾಕೆ ಎಂದು ಕೇಳು, ಉತ್ತರ ಬಂದ ಮೇಲೂ ನಂಬಬೇಡ.

ಈಗ ಹೇಳುವ ಕೊನೆಯದನ್ನು ನೋಡದೆ ಬಿಟ್ಟರೆ ಮೇಲೆ ಹೇಳಿದ್ದೆಲ್ಲ ದಂಡ. ಹಿಂದಿನ ಸೀಟಿನ ದಿಂಬು ಎತ್ತು. ಅದರ ಕೆಳಗಿನ ಕಾರ್ಪೆಟ್ಟನ್ನೂ ಎತ್ತು. ನೆಲದ ತಗಡಿನಲ್ಲಿ ಅಡ್ಡಕ್ಕೆ ಬೆಸುಗೆಯ ಗೆರೆ ಇದೆಯಾ ನೋಡು. ಮುಂಭಾಗ ಜಜ್ಜಿಹೋದ ಒಂದು ಗಾಡಿ, ಹಿಂಭಾಗ ಜಜ್ಜಿಹೋದ ಇನ್ನೊಂದು ಗಾಡಿ ತಂದು, ಎರಡರ ಒಳ್ಳೆಯ ಅರ್ಧಗಳನ್ನು ಕೂಡಿಸಿ ಒಂದು ಮಾಡುವವರಿದ್ದಾರೆ. ನಾವು ಜೋಡು ಗಾಡಿ ಎನ್ನುತ್ತೇವೆ. ಹೊರಗಿನಿಂದ ದೇವರಿಗೂ ಗೊತ್ತಾಗುವುದಿಲ್ಲ. ಒಂದು ಸಲ ಜೋರಾಗಿ ಗುದ್ದಿದರೆ ಮುಂದೆ ಕೂತವರು ಒಂದು ಕಡೆ, ಹಿಂದೆ ಕೂತವರು ಒಂದು ಕಡೆ. ಇದೆಲ್ಲ ನಿಮಗೆ ಹೇಗೆ ಗೊತ್ತು ಎಂದು ಕೇಳಬೇಡ. ನಲವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ.

ಇಂತಿ,
ಗ್ಯಾರೇಜಿನವನು

ಅಂಚೆಗೆ ಹಾಕುವುದು ನನ್ನ ಪಾಲಿನ ಕೆಲಸವಾದ್ದರಿಂದ ಕೆಳಗೆ ಜಾಗ ಕಂಡು ಬರೆಯುತ್ತಿದ್ದೇನೆ. ನಿಮ್ಮಪ್ಪ ಇದನ್ನು ನಾಲ್ಕು ಸಲ ಹರಿದು ಐದನೇ ಸಲ ಬರೆದರು. ಮೊದಲಿನವುಗಳಲ್ಲಿ ಬೈಗುಳ ಇನ್ನೂ ಜಾಸ್ತಿ ಇತ್ತು, ಗಾಡಿಯ ವಿಷಯ ಕಡಿಮೆ ಇತ್ತು. ಮಗುವಿನ ಫೋಟೊ ಕಳಿಸು. ಅಮ್ಮ.


ಏಪ್ರಿಲ್ 27

ಅಪ್ಪ,

ಗಾಡಿ ಕೊಂಡು ಎರಡು ತಿಂಗಳಾಯಿತು. ಆವತ್ತೇ ಬರೆಯಬೇಕಿತ್ತು. ಬರೆದರೆ ನಾನೇ ಸೋತ ಹಾಗಾಗುತ್ತದೆ ಎಂದು ಸುಮ್ಮನಿದ್ದೆ. ಈ ಹಟ ನನಗೆ ಯಾರ ಕಡೆಯಿಂದ ಬಂತು ಎಂದು ನಿಮಗೇ ಗೊತ್ತು.

ಅರ್ಧ ಗಂಟೆ ಮುಂಚೆ ಹೋದೆ. ಬಾನೆಟ್ಟು ತಣ್ಣಗಿತ್ತು. ಮಾರುವವನ ಕೈಯಲ್ಲಿ ಸದಾ ಒಂದು ಹಳದಿ ಬಟ್ಟೆ. ಮಾತಾಡುತ್ತಾ ಗಾಡಿ ಒರೆಸುತ್ತಲೇ ಇರುತ್ತಾನೆ, ನಾನು ಕೈಯಿಟ್ಟ ಜಾಗವನ್ನೂ ಒರೆಸಿದ. ನಾನು ಮಂಡಿಯೂರಿ ಟೈರಿನೊಳಗೆ ಕೈ ಹಾಕಿದಾಗ, "ಮೇಡಂ, ಕೊಳ್ಳೋಕೆ ಬಂದಿದ್ದೀರೋ, ಪೋಸ್ಟ್‌ಮಾರ್ಟಂ ಮಾಡೋಕೆ ಬಂದಿದ್ದೀರೋ?" ಅಂದ. "ಎರಡಕ್ಕೂ" ಅಂದೆ. ಚೈನು ಸದ್ದು ಮಾಡಲಿಲ್ಲ, ಹೊಗೆ ಬರಲಿಲ್ಲ. ಒಂದು ಗಂಟೆ ಬಿಟ್ಟು ಬಂದು ನೋಡಿದರೂ ನಾಲ್ಕು ಮೂಲೆಯೂ ಸಮ ಇತ್ತು.

ಗಾಜಿನ ಹತ್ತಿರ ಸಿಕ್ಕಿಹಾಕಿಕೊಂಡೆ. ಮುಂದಿನ ಗಾಜಿಗೂ ಹಿಂದಿನ ಗಾಜಿಗೂ ಎರಡು ವರ್ಷದ ಅಂತರ. ಕೇಳಿದ್ದಕ್ಕೆ, "ಕಲ್ಲು ಬಿದ್ದು ಒಡೆದಿತ್ತು ಮೇಡಂ, ಹಿಂದಿನದು ಬದಲಾಯಿಸಿದ್ದು" ಅಂದ. ಉತ್ತರ ಬಂದ ಮೇಲೂ ನಂಬಬೇಡ ಎಂದು ನೀವು ಬರೆದಿದ್ದಿರಿ, ನಾನು ನಂಬಲಿಲ್ಲ. ಬೇಡವೆಂದು ಹೊರಡುವುದರಲ್ಲಿದ್ದೆ. ಹೊರಡುವ ಮುಂಚೆ ಕೊನೆಯದೊಂದು ನೋಡಿಬಿಡೋಣ ಎಂದು ಹಿಂದಿನ ಸೀಟಿನ ದಿಂಬು ಎತ್ತಿದೆ.

ಸೀಟ್ ಬೆಲ್ಟಿನ ಬೋಲ್ಟುಗಳ ತಲೆಯ ಮೇಲೆ ನೀಲಿ ಚುಕ್ಕೆಗಳಿದ್ದವು. ನಮ್ಮ ನೀಲಿಯೇ, ಹಿತ್ತಿಲ ಬಾಗಿಲಿಗೆ ಬಳಿದು ಉಳಿದ ಡಬ್ಬಿಯದು. ಆದರೆ ನಾನಿಟ್ಟ ಚುಕ್ಕೆಗಳಲ್ಲ. ನನ್ನದು ದುಂಡಗಿರುತ್ತಿತ್ತು. ಇವಕ್ಕೆ ಸಣ್ಣ ಬಾಲ ಇತ್ತು, ಕಡ್ಡಿ ಎತ್ತುವಾಗ ಎಳೆದ ಹಾಗೆ. ಒಂದು ಕೈಯಲ್ಲಿ ಸ್ಪ್ಯಾನರು, ಒಂದು ಕೈಯಲ್ಲಿ ಕಡ್ಡಿ ಹಿಡಿದು ನೀವೊಬ್ಬರೇ ಇಟ್ಟವು. ನಾನು ಹೋದ ಮೇಲೆ ಆ ಕೆಲಸಕ್ಕೆ ನೀವು ಬೇರೆ ಯಾರನ್ನೂ ಇಟ್ಟುಕೊಂಡಿಲ್ಲ ಎಂದು ನನಗೆ ಗೊತ್ತಾಗಿದ್ದು ಆವತ್ತು. ಹಳದಿ ಬಟ್ಟೆಯವನ ಮುಂದೆಯೇ ಅತ್ತುಬಿಟ್ಟೆ. ಅವನು ಏನು ತಿಳಿದುಕೊಂಡನೋ, ಬಟ್ಟೆಯನ್ನು ನನ್ನ ಕಡೆ ಚಾಚಿದ.

ಕಾರ್ಪೆಟ್ಟು ಎತ್ತಲಿಲ್ಲ. ನಿಮ್ಮ ಚುಕ್ಕೆ ಇರುವ ಗಾಡಿಯಲ್ಲಿ ಇನ್ನೇನು ನೋಡುವುದಿದೆ ಅನ್ನಿಸಿತು. ದಿಂಬು ಒತ್ತಿ ಕೂರಿಸಿ, "ಆಯ್ತು, ಇದನ್ನೇ ತಗೋತೀನಿ" ಅಂದೆ.

ಗಾಡಿ ಚೆನ್ನಾಗಿ ಓಡುತ್ತಿದೆ. ವಿಮಾನ ನಿಲ್ದಾಣದ ರಸ್ತೆಯಲ್ಲಿ ಕಾಲು ಸ್ವಲ್ಪ ಒತ್ತಿದರೆ ಸಾಕು, ಹಿಂದೆ ಕೂತ ಸಾಹೇಬರುಗಳು ಪೇಪರು ಮಡಚಿಡುತ್ತಾರೆ. ಬೆಳಿಗ್ಗೆ ಅದರಲ್ಲೇ ಮಗುವನ್ನು ಶಿಶುವಿಹಾರಕ್ಕೆ ಬಿಡುತ್ತೇನೆ. ಅವಳ ಪುಟ್ಟ ಕುರ್ಚಿಯನ್ನು ಅದೇ ಬೆಲ್ಟಿಗೆ ಕಟ್ಟಿದ್ದೇನೆ. "ಇದು ತಾತ ಬಿಗಿ ಮಾಡಿದ್ದು" ಎಂದು ಹೇಳಿಕೊಟ್ಟಿದ್ದೇನೆ. ಈಗ ದಿನಾ ಕೂತ ಕೂಡಲೇ ಬೆಲ್ಟನ್ನು ತಟ್ಟಿ "ತಾತ ಬಿಗಿ" ಅನ್ನುತ್ತಾಳೆ. ಫೋಟೊ ಇಟ್ಟಿದ್ದೇನೆ, ಅಮ್ಮನಿಗೆ ಕೊಡಿ. ನೀವೂ ನೋಡಬಹುದು.

ಸಿಟ್ಟು ಪೂರ್ತಿ ಹೋಗಿಲ್ಲ. ಆದರೆ ನೀವು ಅವತ್ತು ಬೈದದ್ದು ಯಾಕೆ ಎಂದು ಈಗ ಅರ್ಥವಾಗುತ್ತದೆ.

ಇಂತಿ,
ಚುಕ್ಕೆ ಇಡುತ್ತಿದ್ದವಳು


ಮೇ 3

ಮಗಳೇ,

ನಿನ್ನೆ ಅಮ್ಮ ಫೋನು ಮಾಡಿ "ಗಾಡಿ ಮುಟ್ಟಬೇಡ, ಕೀ ತೆಗೆದಿಡು" ಅಂದಳಲ್ಲ, ಯಾಕೆ ಎಂದು ಕೇಳಿದ್ದಕ್ಕೆ "ಅಪ್ಪ ಬರೀತಾರೆ" ಅಂದಳಲ್ಲ. ನಿನ್ನೆಯವರೆಗೆ ಅವಳಿಗೂ ಗೊತ್ತಿರಲಿಲ್ಲ. ನಿನ್ನ ಕಾಗದ ಓದಿದ ಮೇಲೆ ಅವಳಿಗೆ ಹೇಳಿದೆ. ನಾನೇ ಮಾತಾಡುತ್ತೇನೆ ಎಂದು ಫೋನು ತೆಗೆದುಕೊಂಡವನು, ನಿನ್ನ "ಹಲೋ" ಕೇಳಿ ಅವಳ ಕೈಗೆ ಕೊಟ್ಟುಬಿಟ್ಟೆ.

ಕಾರ್ಪೆಟ್ಟು ಎತ್ತು. ಬೋಲ್ಟಿನಿಂದ ಎರಡು ಬೆರಳು ಕೆಳಗೆ ನೋಡು.

ಅದನ್ನು ಮಾಡಿದ್ದು ನಾನು. ನೀನು ಹೋದ ವರ್ಷ, ಆ ಹಳದಿ ಬಟ್ಟೆಯವನು ಎರಡು ಗಾಡಿ ಎಳೆಸಿಕೊಂಡು ಬಂದ. ಒಂದಕ್ಕೆ ಮೂತಿಯಿಲ್ಲ, ಒಂದಕ್ಕೆ ಬೆನ್ನಿಲ್ಲ. "ಇದು ಬೇರೆ ಯಾರ ಕೈಯಲ್ಲೂ ಆಗಲ್ಲ ಮೇಸ್ತ್ರಿ, ನಿಮ್ಮಿಂದ ಮಾತ್ರ ಆಗತ್ತೆ" ಅಂದ. ರಸ್ತೆಗೆ ಬಿಡುವುದಿಲ್ಲ, ಷೋರೂಮಿನ ಮುಂದೆ ಅಲಂಕಾರಕ್ಕೆ ನಿಲ್ಲಿಸುತ್ತೇವೆ ಅಂದ. ಅಲಂಕಾರಕ್ಕೆ ನಿಲ್ಲಿಸುವ ಗಾಡಿಗೆ ಸೀಟ್ ಬೆಲ್ಟು ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಕೆಲಸ ಕೈತಪ್ಪುತ್ತದೆ ಎಂದು ಕೇಳಲಿಲ್ಲ. ಅವನು ಕೊಟ್ಟ ದುಡ್ಡಿಗಾಗಿ ಅಲ್ಲ, ಅದನ್ನು ನೀನು ನಂಬಬೇಕು. ಮಗಳ ಕೈಯಿಂದ ಕೆಟ್ಟ ಹೆಸರು ಬಂದಿತ್ತು, ನನ್ನ ಕೈ ಏನೆಂದು ತೋರಿಸಬೇಕಿತ್ತು. ತೋರಿಸಿದೆ. ಬೆಸುಗೆ ಮಟ್ಟ ಮಾಡಿ ಉಜ್ಜಿದ ಮೇಲೆ ನನಗೇ ಗೆರೆ ಸಿಗುತ್ತಿರಲಿಲ್ಲ. ಖುಷಿಯಲ್ಲಿ ಕೈ ತನ್ನಷ್ಟಕ್ಕೆ ಡಬ್ಬಿಗೆ ಹೋಯಿತು, ಚುಕ್ಕೆ ಇಟ್ಟೆ. ಬೋಲ್ಟು ಬಿಗಿಯಾಗಿಯೇ ಇದೆ. ಬೋಲ್ಟು ಕೂತಿರುವ ತಗಡೇ ಸುಳ್ಳು.

ಆಗ ಅದು ಬೂದು ಬಣ್ಣದ್ದಾಗಿತ್ತು. ನೀನು ಕಪ್ಪು ಎಂದು ಬರೆದಿದ್ದೆ, ನನಗೆ ಹೊಳೆಯಲಿಲ್ಲ.

ನಿನ್ನ ಮೇಲೂ ಸಿಟ್ಟು ಬರುತ್ತಿದೆ. ಎತ್ತು ಎಂದು ಬರೆದಿದ್ದೆನಲ್ಲ, ಯಾಕೆ ಎತ್ತಲಿಲ್ಲ? ಬೆಳಿಗ್ಗೆಯಿಂದ ಗೋಡೆಯ ಜೊತೆ ಇದೇ ಜಗಳ. ಆಮೇಲೆ ನೀನು ಯಾಕೆ ಎತ್ತಲಿಲ್ಲ ಎಂದು ನೆನಪಾಗುತ್ತದೆ, ಆಗ ಕೂರಲೂ ಆಗುವುದಿಲ್ಲ, ನಿಲ್ಲಲೂ ಆಗುವುದಿಲ್ಲ. ಫೋಟೊ ನೋಡಿದೆ. ಮಗುವಿನ ಭುಜದ ಮೇಲೆ ಆ ಬೆಲ್ಟಿದೆ.

ಅಪ್ಪ


ಮೇ 9

ಎತ್ತಿ ನೋಡಿದೆ.

ಎರಡು ಬೆರಳು ಕೆಳಗೆ, ನೀವು ಹೇಳಿದ ಜಾಗದಲ್ಲೇ. ಬಣ್ಣ ಕೆರೆದು ಬೆರಳು ಆಡಿಸಿದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಂದೇ ಸಮನೆ ಹೋಗಿದೆ, ಎಲ್ಲೂ ಉಬ್ಬಿಲ್ಲ, ಎಲ್ಲೂ ತಗ್ಗಿಲ್ಲ. ಇಷ್ಟು ಚೆನ್ನಾಗಿ ಯಾಕೆ ಮಾಡಿದಿರಿ? ಯಾವನೋ ಕುಡುಕ ಅಡ್ಡಾದಿಡ್ಡಿ ಬೆಸೆದಿದ್ದರೆ ಎರಡೇ ದಿನದಲ್ಲಿ ಕಿರ್‌ಗುಟ್ಟಿ ಗೊತ್ತಾಗಿಬಿಡುತ್ತಿತ್ತು. ನೀವಾದ್ದರಿಂದ ಗೊತ್ತಾಗಲಿಲ್ಲ. ನೀವಾದ್ದರಿಂದ ಒಂಬತ್ತು ವಾರ ನನ್ನ ಮಗಳನ್ನು ಅದರ ಮೇಲೆ ಕೂರಿಸಿಕೊಂಡು ಓಡಾಡಿದೆ. ವಿಮಾನ ತಪ್ಪುತ್ತದೆ ಎಂದು ಅವಸರ ಮಾಡಿದವರನ್ನು ಅದರ ಮೇಲೆ ಕೂರಿಸಿಕೊಂಡು ಹಾರಿಸಿದೆ. ಪ್ರತಿ ಸಲ ಜೋರಾಗಿ ಬ್ರೇಕು ಹಾಕಿದ್ದು ಈಗ ಒಂದೊಂದಾಗಿ ನೆನಪಾಗುತ್ತಿದೆ. ಹಾಲಿನ ಲಾರಿ ಅಡ್ಡ ಬಂದ ದಿನ ಹಿಂದೆ ಮಗು ಇದ್ದಳು.

ನನ್ನನ್ನು ಒಂದು ಬೋಲ್ಟಿಗೆ ಹೊರಗೆ ಹಾಕಿದಿರಿ. ಎರಡು, ಸರಿ, ಎರಡು ಬೋಲ್ಟು. ನಾನು ಫೋನಿನಲ್ಲಿದ್ದೆ, ಗಮನ ಇರಲಿಲ್ಲ, ತಪ್ಪು ನನ್ನದು. ಆ ಟೀಚರ ಮನೆಗೆ ಹೋಗಿ ಕಾಲು ಹಿಡಿದಿದ್ದೆ, ಅದು ನಿಮಗೆ ಇವತ್ತಿನವರೆಗೂ ಗೊತ್ತಿಲ್ಲ, ಯಾಕೆಂದರೆ ನೀವು ಕೇಳಲಿಲ್ಲ. ನಾನು ಗೊತ್ತಿಲ್ಲದೆ ಮಾಡಿದೆ. ನೀವು ಕಣ್ಣು ಬಿಟ್ಟುಕೊಂಡು ಮಾಡಿದಿರಿ, ಉಜ್ಜಿದಿರಿ, ಬಣ್ಣ ಬಳಿದಿರಿ. ನಾಲ್ಕು ಜನರ ಮುಂದೆ ನನಗೆ ಕೈ ತೋರಿಸಿ "ಚುಕ್ಕೆ ಸುಳ್ಳು ಹೇಳಬಾರದು" ಅಂದದ್ದು ಯಾವ ತಿಂಗಳು, ಇದನ್ನು ಮಾಡಿದ್ದು ಯಾವ ತಿಂಗಳು, ಲೆಕ್ಕ ಹಾಕಿ ನೋಡಿ. ಈ ಫೆಬ್ರವರಿಯಲ್ಲಿ ಅದೇ ಮಾತನ್ನು ಮತ್ತೆ ಬರೆದಿರಿ. ಪೆನ್ನು ಹಿಡಿದ ಕೈಗೆ ಏನೂ ಅನ್ನಿಸಲಿಲ್ಲವಾ?

ದುಡ್ಡಿಗಾಗಿ ಅಲ್ಲ ಎಂದು ನಂಬಬೇಕು ಎಂದಿದ್ದೀರಿ. ನಂಬುತ್ತೇನೆ. ದುಡ್ಡಿಗಾಗಿ ಮಾಡಿದ್ದರೆ ಕ್ಷಮಿಸುವುದು ಸುಲಭವಾಗುತ್ತಿತ್ತು. ಮನೆಯಲ್ಲಿ ಅಕ್ಕಿ ಇರಲಿಲ್ಲ ಎಂದುಕೊಳ್ಳುತ್ತಿದ್ದೆ. ನೀವು ಹೊಗಳಿಕೆಗೆ ಮಾಡಿದಿರಿ.

ಹಳದಿ ಬಟ್ಟೆಯವನು ಫೋನು ಎತ್ತುತ್ತಿಲ್ಲ. ನನ್ನ ಗಂಡ ಒಳ್ಳೆಯವನು, ಇರುವೆ ಕಂಡರೂ ದಾಟಿ ಹೋಗುತ್ತಾನೆ. ಅವನೇ ಮೊನ್ನೆ, "ಸುಮ್ಮನೆ ಇನ್ನೊಬ್ಬರಿಗೆ ದಾಟಿಸಿಬಿಡೋಣ, ನಮಗೂ ಹೀಗೇ ಬಂದಿದ್ದಲ್ವಾ?" ಅಂದ. ಹೋಟೆಲಿನಲ್ಲಿ ಇನ್ನೊಬ್ಬ ಡ್ರೈವರು ಕೇಳುತ್ತಲೂ ಇದ್ದಾನೆ, ಅವನಿಗೆ ಇಬ್ಬರು ಮಕ್ಕಳು. ಆ ಮಾತಿಗೆ ನಾವಿಬ್ಬರೂ ಜಗಳವಾಡಿ ಎರಡು ದಿನದಿಂದ ಮಾತಿಲ್ಲ. ನಿಮ್ಮ ಬೆಸುಗೆ ಎಲ್ಲೆಲ್ಲಿ ಬಿರುಕು ಬಿಟ್ಟಿದೆ ನೋಡಿ. ಗಾಡಿ ಅಂಗಳದಲ್ಲಿ ನಿಂತಿದೆ. ನಾನು ಮತ್ತೆ ಹೋಟೆಲಿನ ಗಾಡಿ ಓಡಿಸುತ್ತಿದ್ದೇನೆ, ಖಾಯಂ ಮಾತು ಬಿದ್ದುಹೋಯಿತು. ಮಗು ಮಾತ್ರ ದಿನಾ ಗಾಡಿಯ ಹತ್ತಿರ ಹೋಗಿ ಕಿಟಕಿ ತಟ್ಟಿ ಬರುತ್ತಾಳೆ.

ಒಂದೇ ಪ್ರಶ್ನೆ ಇದೆ. ಇದೊಂದೇನಾ, ಇನ್ನೂ ಇವೆಯಾ? ಇದಕ್ಕೆ ಉತ್ತರ ಬರೆಯಿರಿ. ಬೇರೆ ಏನೂ ಬರೆಯಬೇಡಿ.

ನಿಮ್ಮ ಚುಕ್ಕೆ ನಂಬಿದವಳು


ಮೇ 15

ಮಗಳೇ,

ಮೂರು.

ನಿನ್ನದು ಒಂದು. ಎರಡನೆಯದು ಔಷಧಿ ಅಂಗಡಿಯವನ ಹತ್ತಿರ ಇತ್ತು, ಹೋಗಿ ಹೇಳಿದೆ. ಅವನು ಕಪಾಳಕ್ಕೆ ಹೊಡೆದ, ಆಮೇಲೆ ಕೀ ಕೊಟ್ಟ. ಇನ್ನು ಯಾರೂ ರಸ್ತೆಗಿಳಿಸದ ಹಾಗೆ ಅದನ್ನು ಕತ್ತರಿಸಿದ್ದೇನೆ. ಮೂರನೆಯದು ಸಿಗುತ್ತಿಲ್ಲ. ನಿನ್ನದೇ ಕಂಪನಿಯದು, ಬಣ್ಣ ಬದಲಾಗಿರುತ್ತದೆ, ನಂಬರೂ ಬದಲಾಗಿರುತ್ತದೆ. ಗುರುತು ಎಂದರೆ ಚುಕ್ಕೆ ಒಂದೇ.

ಪೊಲೀಸರ ಹತ್ತಿರ ಹೋಗಿ ನಾನೇ ಬರೆದುಕೊಟ್ಟೆ. ಬರೆದುಕೊಂಡವನು, "ಯಜಮಾನರೇ, ಗಾಡಿ ಮಾರಿದವನ ಮೇಲೆ ದೂರು ಕೊಡೋಕೆ ಬಂದು ನಿಮ್ಮ ಹೆಸರು ಮೊದಲು ಹಾಕ್ತಿದ್ದೀರಲ್ಲ" ಅಂದ. ಹಾಗೇ ಇರಲಿ ಅಂದೆ.

ಬೇರೆ ಏನೂ ಬರೆಯಬೇಡಿ ಎಂದಿದ್ದೀಯ. ಇನ್ನೊಂದು ಮಾತು ಮಾತ್ರ. ಭಾನುವಾರ ಕಟ್ಟರು ತೆಗೆದುಕೊಂಡು ಬರುತ್ತೇನೆ. ಗ್ಯಾರೇಜಿನಲ್ಲಿ ಗಾಡಿ ಎತ್ತುವ ಲಿಫ್ಟು ಮಾರಿದ್ದೇನೆ, ಬಂದ ದುಡ್ಡು ನಿನಗೆ. ಬಾಗಿಲು ತೆಗೆಯದಿದ್ದರೆ ಅಂಗಳದಲ್ಲೇ ಕೆಲಸ ಮುಗಿಸಿ ಹೋಗುತ್ತೇನೆ.

ಅಪ್ಪ


ಜೂನ್ 26

ಅಪ್ಪ,

ಈ ಕಾಗದವನ್ನು ನಿಮ್ಮ ಕಡೆ ಬರುವ ಬಸ್ಸಿನ ಡ್ರೈವರ ಕೈಯಲ್ಲಿ ಕಳಿಸುತ್ತಿದ್ದೇನೆ, ಸಂಜೆಯೊಳಗೆ ಸಿಗುತ್ತದೆ. ಫೋನಿನಲ್ಲಿ ಹೇಳಬಹುದಿತ್ತು. ಮಾತಾಡುವುದಿಲ್ಲ ಎಂದ ಮಾತು ಇನ್ನೂ ಹಾಗೇ ಇದೆ.

ಆ ಭಾನುವಾರ ಬಾಗಿಲು ತೆಗೆಯಲಿಲ್ಲ, ನಿಜ. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ನೀವು ಅಂಗಳದಲ್ಲಿ ಆರು ಗಂಟೆ ಕತ್ತರಿಸಿದಿರಿ. ಮೊದಲಾಗಿದ್ದರೆ ಎರಡು ಗಂಟೆ ಸಾಕಾಗುತ್ತಿತ್ತು. ನೀರು ಕೊಟ್ಟದ್ದು ನನ್ನ ಗಂಡ, ಅವನನ್ನು ನಾನು ಕಳಿಸಿರಲಿಲ್ಲ. ಮಗು ಹಿಂಬಾಗಿಲಿನಿಂದ ತಪ್ಪಿಸಿಕೊಂಡು ಬಂದು "ತಾತ, ಬಿಗಿ ಮಾಡ್ತಿದ್ದೀಯಾ?" ಅಂದಾಗ ನೀವು ಕಟ್ಟರು ಆರಿಸಿ, "ಇಲ್ಲ ಪುಟ್ಟಿ, ತಪ್ಪು ಮಾಡಿದ್ದೆ, ಬಿಚ್ತಿದ್ದೀನಿ" ಅಂದದ್ದು ಕೇಳಿಸಿತು. ಆ ಮಾತನ್ನು ನನಗೆ ಹೇಳಿದ್ದರೆ ಬಾಗಿಲು ತೆಗೆಯುತ್ತಿದ್ದೆನೋ ಏನೋ. ಮೂರು ವರ್ಷದವಳ ಹತ್ತಿರ ಹೇಳುವುದು ಸುಲಭ.

ಲಿಫ್ಟಿನ ದುಡ್ಡು ಬೀರುವಿನಲ್ಲಿದೆ, ಮುಟ್ಟಿಲ್ಲ.

ಆವತ್ತಿನಿಂದ ಹೋಟೆಲಿನ ಪಾರ್ಕಿಂಗಿನಲ್ಲಿ ನಮ್ಮ ಗಾಡಿಯ ಕಂಪನಿಯದು ಯಾವುದೇ ಬಂದು ನಿಂತರೂ ಹೋಗಿ ಗಾಜುಗಳ ಮೂಲೆ ಓದುತ್ತಿದ್ದೆ. ಸೆಕ್ಯುರಿಟಿಯವನು ನನಗೆ ಗಾಜಿನ ಮೇಡಂ ಎಂದು ಹೆಸರಿಟ್ಟಿದ್ದಾನೆ. ಇವತ್ತು ಬೆಳಿಗ್ಗೆ ಬಿಳಿಯದೊಂದು ಬಂತು. ಮುಂದಿನ ಗಾಜಿಗೂ ಹಿಂದಿನ ಗಾಜಿಗೂ ಮೂರು ವರ್ಷ ಅಂತರ. ಹಲ್ಲಿನ ಡಾಕ್ಟರೊಬ್ಬರದು, ಹೆಂಡತಿ, ತಾಯಿ, ಇಬ್ಬರು ಮಕ್ಕಳ ಜೊತೆ ಬಂದಿದ್ದಾರೆ, ಭಾನುವಾರದವರೆಗೆ ಇರುತ್ತಾರೆ. ಹಿಂದಿನ ಸೀಟು ಒಮ್ಮೆ ಎತ್ತಿ ನೋಡಬಹುದಾ ಎಂದು ಕೇಳಿದ್ದಕ್ಕೆ ನನ್ನನ್ನು ತಲೆಕೆಟ್ಟವಳ ಹಾಗೆ ನೋಡಿದರು. ಅವರ ತಾಯಿ, "ನೋಡಲಿ ಬಿಡು, ಏನು ಹೋಗತ್ತೆ" ಅಂದು ಗಾಡಿಯ ಕೀ ನನ್ನ ಕೈಗೆ ಕೊಡಿಸಿದರು. ಎತ್ತಿದೆ. ನಾಲ್ಕು ಚುಕ್ಕೆ. ನಾಲ್ಕಕ್ಕೂ ಬಾಲ.

ಈ ಸಲ ಕಾರ್ಪೆಟ್ಟನ್ನೂ ಎತ್ತಲು ಹೋದೆ. ಡಾಕ್ಟರು ಕೈ ಹಿಡಿದರು. "ಚುಕ್ಕೆ ಕಂಪನಿಯವರು ಇಟ್ಟಿರ್ತಾರೆ. ಯಾರೋ ಡ್ರೈವರ್ ಹೇಳಿದ್ರು ಅಂತ ನನ್ನ ಗಾಡಿ ಕಿತ್ತು ಹಾಕಬೇಕಾ?" ಅಂದರು. ನಾನು ಎಲ್ಲ ಹೇಳಿದೆ, ಎರಡು ಗಾಡಿ, ಎರಡು ಅರ್ಧ, ಎರಡು ಬೆರಳು ಕೆಳಗೆ, ಎಲ್ಲ. ಅವರು ನಂಬಲಿಲ್ಲ. ಮ್ಯಾನೇಜರನ್ನು ಕರೆಸಿದರು. ಮ್ಯಾನೇಜರು ಅತಿಥಿಗಳ ಮುಂದೆಯೇ ಅವರ ಕೀ ಅವರಿಗೆ ಕೊಡು, ಕೆಲಸ ಬಿಡು ಅಂದರು. ನಾನು ಕೀ ಕೊಡಲಿಲ್ಲ. ಡಾಕ್ಟರು ದಿಂಬು ಒತ್ತಿ ಕೂರಿಸಿದ್ದೇ ಮಕ್ಕಳಿಬ್ಬರೂ ಹಿಂದಿನ ಸೀಟಿಗೆ ಹತ್ತಿ ಕೂತು ಬೆಲ್ಟು ಹಾಕಿಕೊಂಡಿದ್ದರು.

ಡಾಕ್ಟರು ಮಕ್ಕಳ ಬೆಲ್ಟು ಬಿಚ್ಚಿ ಕೆಳಗಿಳಿಸಿದರು. ಆಮೇಲೆ, "ಸರಿ. ಹಾಗೆ ಬೆಸೆದವನು ಯಾರು, ಅವನೇ ಬಂದು ನನ್ನ ಮುಖ ನೋಡಿ ಹೇಳಲಿ. ಆಗ ನಂಬ್ತೀನಿ. ಅಲ್ಲೀವರೆಗೂ ಗಾಡಿ ತೆಗೆಯಲ್ಲ. ಅವನು ಯಾರು ಅಂತ ಗೊತ್ತಾ ನಿಮಗೆ?" ಅಂದರು.

ನಾಲ್ಕು ವರ್ಷದಿಂದ ತವರಿನ ಬಗ್ಗೆ ಯಾರು ಕೇಳಿದರೂ ಅಮ್ಮನ ವಿಷಯ ಮಾತ್ರ ಹೇಳುತ್ತಿದ್ದೆ. ಇವತ್ತು ಮ್ಯಾನೇಜರು, ಸೆಕ್ಯುರಿಟಿಯವನು, ಡಾಕ್ಟರ ಮನೆಯವರು ಎಲ್ಲರ ಮುಂದೆ, "ನಮ್ಮಪ್ಪ" ಅಂದೆ.

ಬೆಳಗಿನ ಬಸ್ಸಿಗೆ ಬನ್ನಿ. ಕೀ ನನ್ನ ಜೇಬಿನಲ್ಲಿದೆ. ಕಾರ್ಪೆಟ್ಟು ನಾನು ಎತ್ತಿ ಹಿಡಿಯುತ್ತೇನೆ, ಹೇಳಬೇಕಾದ್ದು ನೀವೇ ಹೇಳಬೇಕು.

ನಿಮ್ಮ ಮಗಳು